ಲಂಡನ್ನಿನ ಆ ಐದು ದಿನ

1952ರ ಡಿಸೆಂಬರ್ 5ರಂದು ಲಂಡನ್ನಿನಲ್ಲಿ ಗಾಳಿಯ ಚಲನೆಯೇ ನಿಂತಂತಾಯಿತು. ನೆಲದ ಹತ್ತಿರ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಪದರ. ಪಾತ್ರೆಗೆ ಮುಚ್ಚಳ ಹಾಕಿದಂತೆ. ಚಳಿಗೆ ಮನೆಮನೆಯಲ್ಲೂ ಉರಿಸಿದ ಕಲ್ಲಿದ್ದಲಿನ ಹೊಗೆ ಮೇಲೇರಲಾರದೆ ಬೀದಿಯಲ್ಲೇ ಉಳಿಯಿತು. ದಿನಕ್ಕೆ ಸುಮಾರು 1,000 ಟನ್ ಹೊಗೆಯ ಕಣ. ಜೊತೆಗೆ 370 ಟನ್ ಸಲ್ಫರ್ ಡೈಆಕ್ಸೈಡ್. ಅದು ಮಂಜಿನ ಹನಿಗಳಲ್ಲಿ ಗಂಧಕಾಮ್ಲವಾಯಿತು. ಜನ ಉಸಿರಾಡಿದ್ದು ಅದನ್ನೇ.

ಮೊದಲ ಲೆಕ್ಕದಲ್ಲಿ ಸತ್ತವರು ಸುಮಾರು 4,000. ಆಮೇಲಿನ ತಿಂಗಳುಗಳ ಹೆಚ್ಚುವರಿ ಸಾವುಗಳನ್ನು ಸರ್ಕಾರ ಫ್ಲೂ ಖಾತೆಗೆ ಬರೆಯಿತು. ಮರುಲೆಕ್ಕ ಹಾಕಿದರೆ ಸಂಖ್ಯೆ 12,000ದ ಹತ್ತಿರ ಹೋಗುತ್ತದೆ. ಒಳ್ಳೆಯ ಕಲ್ಲಿದ್ದಲು ರಫ್ತಿಗೆ, ಕಳಪೆಯದು ಸ್ವಂತ ಜನರ ಒಲೆಗೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಅನ್ಯಾಯ ಇದೇ.

ಹೊಗೆ ನಿಯಂತ್ರಣ ವಲಯಗಳನ್ನು ತಂದ ಶುದ್ಧ ಗಾಳಿ ಕಾಯ್ದೆ ಬಂದದ್ದು 1956ರಲ್ಲಿ. ಮನೆಯ ಒಲೆ ಬದಲಿಸಲು ಅದು ಹಣವನ್ನೂ ಕೊಟ್ಟಿತು.