ಎಡಗಡೆ ರೇಟು, ಬಲಗಡೆ ಸುದ್ದಿ

1998ರ ಜೂನ್. ನಾವು ಬಿ.ಎ. ಕೊನೆಯ ವರ್ಷಕ್ಕೆ ಬಂದಿದ್ದೆವು. ಮೊದಲ ದಿನವೇ ಅರ್ಥಶಾಸ್ತ್ರದ ಮೇಡಂ ಎಲ್ಲರಿಗೂ ನೂರು ಪುಟದ ನೋಟ್‌ಬುಕ್ ತರಲು ಹೇಳಿದರು. ಪ್ರತಿ ಪುಟದ ನಡುವೆ ಗೆರೆ ಎಳೆಯಬೇಕು. ಎಡಗಡೆ ಆ ವಾರದ ರೇಟು: ಅಕ್ಕಿ, ಬೇಳೆ, ಸೀಮೆಎಣ್ಣೆ, ಈರುಳ್ಳಿ. ಬಲಗಡೆ ಆ ವಾರದ ರಾಜಕೀಯ. "ಇವೆರಡಕ್ಕೂ ಏನು ಸಂಬಂಧ ಮೇಡಂ?" ಅಂತ ಹಿಂದಿನ ಬೆಂಚಿನವನೊಬ್ಬ ಕೇಳಿದ. "ಬರೀತಾ ಹೋಗಪ್ಪಾ, ಆಮೇಲೆ ನೀನೇ ಹೇಳುವೆಯಂತೆ" ಅಂದರು.

ಪಾಠ ಶುರುವಾಗಿದ್ದು ಇಂಡೋನೇಷ್ಯಾದಿಂದ. ರಟ್ಟಿಗೆ ಅಂಟಿಸಿದ ಪೇಪರ್ ಫೋಟೊ ಒಂದು ಬೆಂಚಿನಿಂದ ಬೆಂಚಿಗೆ ಬಂತು. ಅಲ್ಲಿನ ಅಧ್ಯಕ್ಷ ಸುಹಾರ್ತೊ ಸಾಲದ ಒಪ್ಪಂದಕ್ಕೆ ಬಗ್ಗಿ ಸಹಿ ಹಾಕುತ್ತಿದ್ದಾರೆ. ಕಷ್ಟದಲ್ಲಿರುವ ದೇಶಗಳಿಗೆ ಷರತ್ತು ಹಾಕಿ ಸಾಲ ಕೊಡುವ ಅಂತರರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್. ಅದರ ಮುಖ್ಯಸ್ಥ ಕಾಮ್ಡೆಸು ಕೈಕಟ್ಟಿ ನಿಂತು ನೋಡುತ್ತಿದ್ದಾರೆ. ಆ ವರ್ಷದ ಜನವರಿಯ ಫೋಟೊ ಅದು.

"ಮೂವತ್ತು ವರ್ಷ ಜನ ಇವರನ್ನು ಯಾಕೆ ಸಹಿಸಿಕೊಂಡರು?" ಅಂತ ಮೇಡಂ ಕೇಳಿದರು. ಪೊಲೀಸರ ಭಯ ಅಂದೆವು. ಅದೂ ಇತ್ತು. ಆದರೆ ಹೊಟ್ಟೆಯೂ ತುಂಬುತ್ತಿತ್ತು. 1980ರ ದಶಕದ ಮಧ್ಯದ ಹೊತ್ತಿಗೆ ಆ ದೇಶ ತನಗೆ ಬೇಕಾದ ಅಕ್ಕಿ ತಾನೇ ಬೆಳೆಯುತ್ತಿತ್ತು. ಸುಹಾರ್ತೊಗೆ 'ಅಭಿವೃದ್ಧಿಯ ತಂದೆ' ಅಂತ ಬಿರುದು. ಪತ್ರಿಕೆಗಳ ಬಾಯಿ ಕಟ್ಟಿದ್ದು, ಮನೆ ಮಕ್ಕಳೆಲ್ಲ ದುಡ್ಡು ಮಾಡಿಕೊಂಡಿದ್ದು, ಎಲ್ಲವನ್ನೂ ಜನ ನುಂಗಿಕೊಂಡಿದ್ದರು. 1997ರ ಮಧ್ಯದಲ್ಲಿ ಡಾಲರಿಗೆ ಸುಮಾರು 2,400 ಇದ್ದ ಅಲ್ಲಿನ ಹಣ ರುಪಿಯಾ, 1998ರ ಜನವರಿಯಲ್ಲಿ 10,000 ದಾಟಿತು. ಡಾಲರಿನಲ್ಲಿ ಸಾಲ ಮಾಡಿದ್ದ ಕಂಪನಿಗಳು ಮುಳುಗಿದವು. ಸಬ್ಸಿಡಿ ಇಳಿಸಿ ಅಂತ ಐಎಂಎಫ್ ಪಟ್ಟು. ಮೇ ಮೊದಲ ವಾರ ಪೆಟ್ರೋಲ್ ಬೆಲೆ ಸುಮಾರು ಶೇ. 70 ಏರಿತು. ಮೇ 12ರಂದು ಜಕಾರ್ತದ ತ್ರಿಶಕ್ತಿ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಗುಂಡೇಟಿಗೆ ಸತ್ತರು. ಊರು ಹೊತ್ತಿ ಉರಿಯಿತು. ಕೋಪ ಹೋಗಿ ತಾಗಿದ್ದು ಚೀನೀ ಮೂಲದ ಅಂಗಡಿಯವರಿಗೆ. ಮೇ 21ಕ್ಕೆ ಸುಹಾರ್ತೊ ರಾಜೀನಾಮೆ ಕೊಟ್ಟರು.

"ಆ ನಾಲ್ಕು ಜನ ನಿಮ್ಮ ವಯಸ್ಸಿನವರೇ" ಅಂದರು ಮೇಡಂ. ಅವತ್ತು ಕ್ಲಾಸಿನಲ್ಲಿ ಮತ್ತೆ ಯಾರೂ ಮಾತಾಡಲಿಲ್ಲ.

ದಸರಾ ಹೊತ್ತಿಗೆ ನಮ್ಮ ಕ್ಯಾಂಟೀನಿನ ಈರುಳ್ಳಿ ಬಜ್ಜಿಯಲ್ಲಿ ಎಲೆಕೋಸು ಬಂದಿತ್ತು! (ಭಟ್ಟರು ಕೊನೆಗೂ ಒಪ್ಪಿಕೊಳ್ಳಲಿಲ್ಲ.) ದಿಲ್ಲಿಯಲ್ಲಿ ಈರುಳ್ಳಿ ಕಿಲೋಗೆ 50 ರೂಪಾಯಿ ಮುಟ್ಟಿತು. ಬಿಜೆಪಿ ಅಲ್ಲಿನ ಮುಖ್ಯಮಂತ್ರಿಯನ್ನೇ ಬದಲಿಸಿ ಸುಷ್ಮಾ ಸ್ವರಾಜ್ ಅವರನ್ನು ತಂದಿತು. ನವೆಂಬರ್ ಚುನಾವಣೆಯಲ್ಲಿ ದಿಲ್ಲಿ ಹೋಯಿತು, ರಾಜಸ್ಥಾನವೂ ಹೋಯಿತು. ಮಧ್ಯಪ್ರದೇಶದಲ್ಲಿ ಮಾತ್ರ ಆಳುತ್ತಿದ್ದ ಕಾಂಗ್ರೆಸ್ಸೇ ಮತ್ತೆ ಗೆದ್ದಿತು. ಈರುಳ್ಳಿ ಅಲ್ಲೂ ದುಬಾರಿಯೇ ಅಲ್ವಾ? ನಮ್ಮ ಗೆಳೆಯ ಇದನ್ನು ಎತ್ತಿದಾಗ ಮೇಡಂಗೆ ಖುಷಿಯೋ ಖುಷಿ. ರೇಟು ಒಂದೇ ಇದ್ದರೂ ತಪ್ಪು ಯಾರದ್ದು ಅಂತ ಜನ ಅಂದುಕೊಳ್ಳುತ್ತಾರೋ ಅವರಿಗೆ ಪೆಟ್ಟು ಬೀಳುತ್ತೆ ಅಂದರು.

ನನ್ನ ಪ್ರಶ್ನೆ ಬೇರೆ ಇತ್ತು. ನಮ್ಮದು ಚಳ್ಳಕೆರೆ ಕಡೆಯ ಹಳ್ಳಿ. ಅಪ್ಪ ಬೆಳೆಯುತ್ತಿದ್ದುದೇ ಈರುಳ್ಳಿ. "ಐವತ್ತು ರೂಪಾಯಿ ನಮ್ಮಪ್ಪನಿಗೆ ಯಾಕೆ ಸಿಗಲಿಲ್ಲ ಮೇಡಂ?" ಅಂದೆ. ಆ ಸಲ ನಮ್ಮ ಹೊಲದಲ್ಲಿ ಗೆಡ್ಡೆ ಮಳೆಗೆ ಕೊಳೆತಿತ್ತು.

"ಎಲ್ಲರ ಹೊಲದಲ್ಲೂ ಚೆನ್ನಾಗಿ ಬಂದಿದ್ದರೆ ಐವತ್ತು ಆಗ್ತಿತ್ತೇನಪ್ಪಾ?" ಅಂದರು. ಆಮೇಲೆ ಸ್ವಲ್ಪ ತಡೆದು, "ರೇಟು ಏರಿದರೆ ಪೇಟೆಯವರು ಕೂಗ್ತಾರೆ, ಸರ್ಕಾರಕ್ಕೆ ಕೇಳಿಸುತ್ತೆ, ರಫ್ತು ನಿಲ್ಲಿಸುತ್ತೆ. ರೇಟು ಬಿದ್ದರೆ ನಿಮ್ಮಪ್ಪ ಕೂಗಿದ್ದು ಎಪಿಎಂಸಿ ಗೇಟು ದಾಟಲ್ಲ" ಅಂದರು. ನಾನು ಅದನ್ನು ಎಡಗಡೆ ಬರೆಯಬೇಕೋ ಬಲಗಡೆಯೋ ಗೊತ್ತಾಗದೆ ಗೆರೆಯ ಮೇಲೆಯೇ ಬರೆದೆ.

ಈ ಒಂದು ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪಿರಲಿಲ್ಲ. ಅದಕ್ಕೇ 2024ರ ಲೋಕಸಭಾ ಫಲಿತಾಂಶ ಬಂದಾಗ ಮೇಡಂಗೆ ಫೋನ್ ಮಾಡಿದೆ. ಹಿಂದಿನ ಡಿಸೆಂಬರಿನಲ್ಲಿ ಕೇಂದ್ರ ಈರುಳ್ಳಿ ರಫ್ತು ನಿಲ್ಲಿಸಿತ್ತು. ಬೆಳೆಗಾರರು ರೊಚ್ಚಿಗೆದ್ದಿದ್ದರು. ನಿಷೇಧ ತೆಗೆಯುವಾಗ ಚುನಾವಣೆ ನಡೀತಿತ್ತು. ಮಹಾರಾಷ್ಟ್ರದ ಈರುಳ್ಳಿ ಸೀಮೆಯ ನಾಸಿಕ್, ದಿಂಡೋರಿ ಎರಡನ್ನೂ ಆಡಳಿತ ಮೈತ್ರಿಕೂಟ ಕಳೆದುಕೊಂಡಿತು. "ನೋಡಿ ಮೇಡಂ, ಈ ಸಲ ಗೇಟು ದಾಟಿತು" ಅಂದೆ, ಸ್ವಲ್ಪ ಜಂಬದಿಂದಲೇ.

ಅವರು ನಕ್ಕರು. ನಿವೃತ್ತರಾಗಿ ಎಷ್ಟೋ ವರ್ಷ ಆಗಿದೆ, ದನಿ ಮಾತ್ರ ಅದೇ. "ಸರಿ, ಈ ಸಲ ನಿಮ್ಮ ಮನೇಲಿ ಎಷ್ಟು ಎಕರೆ ಈರುಳ್ಳಿ ಹಾಕ್ತಿದ್ದೀರಿ?"

"ಇಲ್ಲ ಮೇಡಂ. ಅಣ್ಣ ಮೆಕ್ಕೆಜೋಳಕ್ಕೆ ಹೋಗಿ ನಾಲ್ಕು ವರ್ಷ ಆಯ್ತು."