ಎಲೆ ಮೇಲಿನ ಮರಳು ಒರೆಸಲು ಹೋಗಿ

ಹೂವಿನ ಫೋಟೋ ಶೂಟ್‌ಗೆ ಏನೇನು ಬೇಕು ಅಂತ ಬರೆದುಕೊಟ್ಟ ಬ್ರೀಫ್‌ನಲ್ಲಿ ಎರಡು ಸಾಲು ದಪ್ಪ ಅಕ್ಷರದಲ್ಲಿತ್ತು. ಮರಳು ಕ್ಲೀನಾಗಿರಬೇಕು. ಎಲೆ ಕ್ಲೀನಾಗಿರಬೇಕು. ಬರೆದ ಆರ್ಟ್ ಡೈರೆಕ್ಟರ್ ಮರುಭೂಮಿಗೆ ಕಾಲಿಟ್ಟವರಲ್ಲ ಅಂತ ಅಲ್ಲೇ ಗೊತ್ತಾಗಬೇಕಿತ್ತು.

2019ರ ಮಾರ್ಚ್. ಆ ಚಳಿಗಾಲ ಒಳ್ಳೆ ಮಳೆಯಾಗಿ ಕ್ಯಾಲಿಫೋರ್ನಿಯಾದ ಆಂಜಾ-ಬೊರೆಗೊ ಮರುಭೂಮಿ ತುಂಬ ಹೂವು. ಹೆಂಡರ್ಸನ್ ಕ್ಯಾನ್ಯನ್ ರಸ್ತೆಯ ಪಕ್ಕದ ಮರಳಲ್ಲಿ ಸ್ಯಾಂಡ್ ವರ್ಬಿನಾ ನೇರಳೆ ಕಂಬಳಿ ಹಾಸಿದ ಹಾಗೆ ಹಬ್ಬಿತ್ತು. ನಡುನಡುವೆ ನಮ್ಮ ಹೀರೋ, ಅಂದರೆ ಮುಖ್ಯ ಫೋಟೋದ ಹೂವು, ಡ್ಯೂನ್ ಪ್ರಿಮ್‌ರೋಸ್. ದೊಡ್ಡ ಬಿಳಿ ಹೂವು. ಪತಂಗಗಳಿಗೆಂದು ಸಂಜೆ ಅರಳುತ್ತದೆ, ಮರುದಿನ ಬಿಸಿಲೇರಿದರೆ ಗುಲಾಬಿಗೆ ತಿರುಗಿ ಬಾಡುತ್ತದೆ.

ಶೂಟ್‌ನ ಹಿಂದಿನ ಸಂಜೆ ಜಾಗ ನೋಡಲು ರೆಕ್ಕಿಗೆ ಹೋದಾಗ ಸಿಕ್ಕಾಪಟ್ಟೆ ಗಾಳಿ. ಬೇರೆ ಬೇರೆ ಫೋಕಸ್‌ನ ಹನ್ನೆರಡು ಫ್ರೇಮು ಸೇರಿಸಿ ಒಂದೇ ಫೋಟೋ ಮಾಡುವ ಸ್ಟ್ಯಾಕ್ ಇರಲಿ, ಒಂದು ಫ್ರೇಮೂ ಶಾರ್ಪ್ ಬರಲಿಲ್ಲ. ಗಾಳಿಗೆ ಮನಸಾರೆ ಬೈದು ವಾಪಸಾದೆವು.

ಬೆಳಿಗ್ಗೆ ಆರೂವರೆಗೆ ಹೋದರೆ ಎಲೆ ಅಲ್ಲಾಡುತ್ತಿಲ್ಲ. ರಾತ್ರಿಯ ಗಾಳಿ ಮರಳನ್ನು ಸಣ್ಣ ಅಲೆ ಅಲೆಯಾಗಿ ಬಾಚಿಟ್ಟಿತ್ತು. ಹೂವು ಪೂರ್ತಿ ಬಿಳಿ. ಆಗಲೇ ಟ್ರೈಪಾಡ್ ಊರಿ ಹೀರೋ ಶಾಟ್ ಮುಗಿಸಿದ್ದರೆ ನಾನಿದನ್ನು ಬರೆಯುತ್ತಲೇ ಇರಲಿಲ್ಲ.

ಆದರೆ ಶಾಟ್ ಲಿಸ್ಟಲ್ಲಿ ಮೊದಲು ಇದ್ದದ್ದು ವರ್ಬಿನಾ. ಅದರ ಎಲೆ ತುಂಬ ಮರಳು. ಬ್ರಷ್ ತೆಗೆದೆ. ಹೋಗಲಿಲ್ಲ. ಬ್ಲೋವರ್ ಒತ್ತಿದೆ. ಊಹೂಂ. ಆ ಗಿಡದ ಮೈತುಂಬ ಅಂಟು ಕೂದಲು, ಮರಳನ್ನು ಅದೇ ಹಿಡಿದಿಟ್ಟುಕೊಳ್ಳುತ್ತದೆ. ಎಲೆ ಕಚ್ಚಲು ಬಂದ ಹುಳುವಿಗೆ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ ಆಗುತ್ತದೆ, ಅಲ್ವಾ? ಇದೆಲ್ಲ ಆಮೇಲೆ ಓದಿದ್ದು. ಆಗ ಮಾತ್ರ ಒದ್ದೆ ಬಟ್ಟೆ, ಇನ್ನೊಂದು ಬ್ರಷ್, ಡಿಫ್ಯೂಸರ್ ಅಂತ ಬ್ಯಾಗಿಗೂ ಗಿಡಕ್ಕೂ ಓಡಾಡುತ್ತಲೇ ಇದ್ದೆ. ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ. ಅಸಿಸ್ಟೆಂಟ್ ಎರಡು ಸಲ ಗಡಿಯಾರ ತೋರಿಸಿದ. "ಒಂದೇ ನಿಮಿಷ" ಅಂದೆ.

ತಲೆ ಎತ್ತುವಾಗ ಎಂಟು ದಾಟಿತ್ತು. ಪ್ರಿಮ್‌ರೋಸ್ ಕಡೆ ತಿರುಗಿ ವ್ಯೂಫೈಂಡರಲ್ಲಿ ಕಣ್ಣಿಟ್ಟೆ. ಹೂವಿನ ಹಿಂದೆ, ಮುಂದೆ, ಎಡಕ್ಕೆ, ಎಲ್ಲೆಲ್ಲೂ ಶೂ ಗುರುತು. ಎಲ್ಲವೂ ನನ್ನದೇ. ಕೈಯಿಂದ ಸವರಿದೆ. ಬೆರಳಿನ ಗೆರೆ ಬಂತು. ಬ್ರಷ್‌ನಿಂದ ಎಳೆದರೆ ರಂಗೋಲಿ ಅಳಿಸಿದ ಹಾಗೆ ಕಂಡಿತು. ಜೀವನದಲ್ಲಿ ಮೊದಲ ಸಲ ಗಾಳಿ ಬೀಸಲಿ ಅಂತ ಬೇಡಿಕೊಂಡೆ. ಬೀಸಲಿಲ್ಲ. ಬೇರೆ ಹೂವು ಹುಡುಕಿಕೊಂಡು ಹೋದರೆ ಅದನ್ನು ಕೊಬ್ಬಿದ ಸ್ಫಿಂಕ್ಸ್ ಪತಂಗದ ಹುಳು ಅರ್ಧ ತಿಂದು ಮುಗಿಸಿತ್ತು. ವಾಪಸ್ ಬರುವಷ್ಟರಲ್ಲಿ ನಮ್ಮ ಹೀರೋನ ಅಂಚು ಗುಲಾಬಿಯಾಗುತ್ತಿತ್ತು. ಹಾಗೇ ಫೋಟೋ ಹೊಡೆದೆ.

ಈಗ ಫ್ರೇಮ್ ಒಳಗೆ ಯಾರೂ ಕಾಲಿಡದ ಹಾಗೆ ಮೊದಲು ಬ್ಯಾಗುಗಳನ್ನು ಅಡ್ಡ ಇಡುತ್ತೇನೆ. ಒಂದೇ ದಾರಿಯಲ್ಲಿ ಹೋಗಿ, ಅದೇ ಹೆಜ್ಜೆಯಲ್ಲಿ ವಾಪಸ್ ಬರುತ್ತೇನೆ. ಬಾಡುವ ಐಟಂ ಮೊದಲು, ಲಿಸ್ಟ್ ಏನೇ ಹೇಳಲಿ. ಆ ಲಿಸ್ಟ್ ಸಾಫ್ಟ್‌ವೇರಿನಲ್ಲಿ ಕ್ರಮ ಬದಲಿಸಲು ಪ್ರೊಡ್ಯೂಸರ್ ಅಪ್ರೂವಲ್ ಬೇಕಂತೆ. ಹೂವಿಗೆ ಅದನ್ನು ಹೇಳೋರು ಯಾರು?

ವರ್ಬಿನಾ ಫೋಟೋ ಬಳಕೆಯೇ ಆಗಲಿಲ್ಲ. ಪ್ರಿಮ್‌ರೋಸ್ ಫೈಲು ರೀಟಚ್‌ಗೆ ಹೋಗಿ ಮೂರನೇ ದಿನ ಅಲ್ಲಿಂದ ಮೆಸೇಜ್ ಬಂತು: "ಇದು ಒಂಬತ್ತನೇ ಸೈಜ್ ಶೂನಾ?"

ಹತ್ತು ಅಂತ ಉತ್ತರಿಸಿದೆ.