ಹೆಸರು ಇರಲಿ, ಕಾರಣ ಬೇಡ

"ಹೆಸರು ಅಳಿಸ್ಬೇಡಿ ಮೇಡಂ. ಆ ಕಾರಣದ ಕಾಲಂ ಒಂದು ಮುಚ್ಚಿಬಿಡಿ, ಸಾಕು."

ಸೋಮವಾರದಿಂದ ಈ ಮಾತು ತಲೆ ಬಿಟ್ಟು ಹೋಗುತ್ತಿಲ್ಲ. ಹೇಳಿದವರು ಎಪ್ಪತ್ತು ದಾಟಿದ ಯಜಮಾನರು. ನಮ್ಮದು ಹಳೆಯ ದಾಖಲೆಗಳನ್ನು ಕಾಪಾಡುವ ಕೆಲಸ. ಹಳೆಯ ಮಾನಸಿಕ ಆಸ್ಪತ್ರೆಯೊಂದರ ದಾಖಲಾತಿ ರಿಜಿಸ್ಟರ್‌ಗಳನ್ನು ನಾವು ಸ್ಕ್ಯಾನ್ ಮಾಡಿ ಆನ್‌ಲೈನ್‌ಗೆ ಹಾಕಲು ಹೊರಟಿರುವ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಅದರಲ್ಲಿ ಅವರ ತಾಯಿಯದೂ ಒಂದು ಸಾಲು ಇದೆ. ಹೆಸರು, ವಯಸ್ಸು, ಕಸುಬು, ಊರು, ಕರೆತಂದವರು, ಕಾರಣ, ಬಿಡುಗಡೆ. ಕರೆತಂದವರು: ಗಂಡ. ಕಾರಣದ ಜಾಗದಲ್ಲಿ ಗುಮಾಸ್ತ ಎರಡೇ ಪದ ಗೀಚಿದ್ದಾನೆ. ಅದನ್ನು ನಾನು ಇಲ್ಲಿ ಬರೆಯಲ್ಲ. ಬಿಡುಗಡೆಯ ಕಾಲಂ ಖಾಲಿ.

ಯಜಮಾನರು ಹೆಸರಿನ ಮೇಲೆ ನಿಧಾನಕ್ಕೆ ಬೆರಳಾಡಿಸಿದರು. ಆಮೇಲೆ ಕಾರಣದ ಕಾಲಂ ಮೇಲೆ ಅಂಗೈ ಇಟ್ಟು ಮುಚ್ಚಿದರು, ಪಕ್ಕದಲ್ಲಿ ನಿಂತಿದ್ದ ಮೊಮ್ಮಗನಿಗೆ ಕಾಣಬಾರದು ಅಂತ. "ಅಮ್ಮಂದು ಒಂದು ಫೋಟೋನೂ ಇಲ್ಲ. ಅವಳು ಇದ್ದಳು ಅನ್ನೋದಕ್ಕೆ ಇದೊಂದೇ" ಅಂದರು.

ತಮಾಷೆ ನೋಡಿ, ಅದೇ ಮಧ್ಯಾಹ್ನ ಒಬ್ಬ ಸಂಶೋಧಕಿ ಬಂದಳು. ಹೆಂಗಸರನ್ನು ಯಾವ ಯಾವ ನೆಪದಲ್ಲಿ ಆಸ್ಪತ್ರೆಗೆ ಸೇರಿಸುತ್ತಿದ್ದರು ಅನ್ನೋದು ಅವಳ ವಿಷಯ. "ನನಗೆ ಹೆಸರು ಒಂದೂ ಬೇಡ, ಕಾರಣ ಮಾತ್ರ ಸಾಕು" ಅಂದಳು. ಜಾಣೆ. ಸ್ವಲ್ಪ ಅವಸರ ಜಾಸ್ತಿ.

ಇಷ್ಟು ವರ್ಷ ಖಾಸಗಿತನ ಒಂದು ಕಡೆ, ಜನರ ತಿಳಿಯುವ ಹಕ್ಕು ಇನ್ನೊಂದು ಕಡೆ, ನಡುವೆ ನಾವು ಅಂತ ಮೀಟಿಂಗ್‌ಗಳಲ್ಲಿ ಜಗಳ ಆಡಿದ್ದೇವೆ. ಇಲ್ಲಿ ನೋಡಿದರೆ ಇಬ್ಬರಿಗೂ ಬೇಕಾದ್ದು ಬೇರೆ ಬೇರೆ ಕಾಲಂ!

ನಮ್ಮ ಸಹೋದ್ಯೋಗಿಯೊಬ್ಬರಿದ್ದಾರೆ, ಎಲ್ಲವನ್ನೂ ತೆರೆದಿಡಬೇಕು ಅನ್ನೋ ಪಂಗಡ. ತುಂಬಾ ಓದಿಕೊಂಡವರು, ಎದುರಿಗಿದ್ದವರ ಮುಖ ನೋಡುವುದು ಕಡಿಮೆ. "ಸತ್ತವರಿಗೆ ಎಂಥ ಪ್ರೈವಸಿ?" ಅನ್ನೋದು ಅವರ ವಾದ. ಕಾನೂನು ಅವರ ಜೊತೆ ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ಯುರೋಪಿನಲ್ಲಿ 2018ರಲ್ಲಿ ಜಾರಿಗೆ ಬಂದ ಜಿಡಿಪಿಆರ್, ಅಂದರೆ ಖಾಸಗಿ ಮಾಹಿತಿ ಕಾಯುವ ಕಾನೂನು, ಬದುಕಿರುವವರಿಗೆ ಮಾತ್ರ. ಅಮೆರಿಕದಲ್ಲಿ ವೈದ್ಯಕೀಯ ಮಾಹಿತಿಗೆ ಸತ್ತ ಮೇಲೂ 50 ವರ್ಷ ರಕ್ಷಣೆ. ಅಲ್ಲಿನ ಜನಗಣತಿ ಹಾಳೆಗಳಿಗೆ 72 ವರ್ಷ ಬೀಗ; 1950ರದ್ದು 2022ರ ಏಪ್ರಿಲ್‌ನಲ್ಲಿ ತೆರೆಯಿತು. ಬ್ರಿಟನ್ನಿನಲ್ಲಿ 100 ವರ್ಷ. ಒಂದೊಂದು ಕಡೆ ಒಂದೊಂದು ಅಂಕಿ. ಅಷ್ಟು ಹೊತ್ತಿಗೆ ಸಂಬಂಧಪಟ್ಟವರು ಹೆಚ್ಚಿನಂಶ ಇರಲ್ಲ ಅನ್ನೋ ಲೆಕ್ಕಾಚಾರ. ಆದರೆ ಮಗ ಇದ್ದಾರಲ್ಲ, ಕಣ್ಣೆದುರಿಗೇ? ಅವಮಾನಕ್ಕೆ ವಾರಸುದಾರರು ಇರ್ತಾರೆ.

ಹಾಗಂತ ಯಜಮಾನರ ಮಾತನ್ನೂ ಪೂರ್ತಿ ಒಪ್ಪಲು ಆಗುತ್ತಿಲ್ಲ. ಆ ಎರಡು ಪದ ಅವರ ತಾಯಿಯ ಬಗ್ಗೆ ಹೇಳುವುದು ಕಡಿಮೆ. ಅದನ್ನು ಹೇಳಿದ ಗಂಡ, ನಂಬಿದ ಡಾಕ್ಟರು, ಬರೆದ ಗುಮಾಸ್ತ, ಇವರ ಬಗ್ಗೆಯೇ ಜಾಸ್ತಿ. ಅದನ್ನು ಮುಚ್ಚಿದರೆ ಬಚಾವಾಗುವುದು ಯಾರು? ಪೂರ್ವ ಜರ್ಮನಿಯ ಗುಪ್ತ ಪೊಲೀಸರ, ಅಂದರೆ ಸ್ಟಾಸಿಯ ಕಡತಗಳನ್ನು 1992ರಿಂದ ಜನ ನೋಡುತ್ತಿದ್ದಾರೆ. ನಿಮ್ಮ ಕಡತ ನಿಮ್ಮ ಕೈಗೆ ಬರುತ್ತದೆ, ಅದರೊಳಗೆ ಬರುವ ನಿಮ್ಮಂತೆಯೇ ನೊಂದ ಇತರರ ಹೆಸರಿಗೆ ಕಪ್ಪು ಬಳಿದಿರುತ್ತಾರೆ. ಆದರೆ ನಿಮ್ಮ ಮೇಲೆ ಚಾಡಿ ಹೇಳಿದವನ ನಿಜವಾದ ಹೆಸರನ್ನು ಕೇಳುವ ಹಕ್ಕು ನಿಮಗಿದೆ. ಕಪ್ಪು ಬಳಿಯುವುದು ಯಾರನ್ನು ಕಾಯಲು ಅಂತ ಮೊದಲೇ ನಿರ್ಧರಿಸಿದ್ದಾರೆ. ನಮ್ಮ ಮೀಟಿಂಗ್‌ಗಳಲ್ಲಿ ಈ ಪ್ರಶ್ನೆ ಬಂದಿದ್ದೇ ನೆನಪಿಲ್ಲ.

ಇನ್ನು ಆ ತಾಯಿ. ಮಗ ಏನೋ ಕೇಳಿದರು, ಸಂಶೋಧಕಿ ಏನೋ ಕೇಳಿದಳು. ಆಕೆಯನ್ನು ಯಾರೂ ಕೇಳಲಿಲ್ಲ, ಅವತ್ತೂ ಇಲ್ಲ, ಇವತ್ತೂ ಇಲ್ಲ. ಮಗನ ಮುಂದೆ "ಮುಚ್ಚಿಡಿ" ಅನ್ನುತ್ತಿದ್ದಳೋ, "ಊರಿಗೆಲ್ಲ ಓದಿ ಹೇಳಿ, ನನ್ನನ್ನು ಯಾಕೆ ತಂದು ಬಿಟ್ಟರು ಅಂತ ಗೊತ್ತಾಗಲಿ" ಅನ್ನುತ್ತಿದ್ದಳೋ! ಅಂಗೈಯಿಂದ ಆ ಕಾಲಂ ಮುಚ್ಚಿದ್ದು ನೆನಪಾದಾಗಲೆಲ್ಲ ನನಗೆ ಈ ಅನುಮಾನ.

ಸದ್ಯಕ್ಕೆ ಒಂದು ದಾರಿ ಮಾಡಿದ್ದೇವೆ. ಮೂಲ ರಿಜಿಸ್ಟರ್‌ಗೆ ಯಾರೂ ಕೈ ಹಚ್ಚುವಂತಿಲ್ಲ, ಮುಚ್ಚುವುದೇನಿದ್ದರೂ ಪ್ರತಿಯಲ್ಲಿ. ಅದೂ ಪಿಡಿಎಫ್ ಮೇಲೆ ಸುಮ್ನೆ ಕಪ್ಪು ಪಟ್ಟಿ ಎಳೆದರೆ ಆಗಲ್ಲ, ಪಟ್ಟಿ ತೆಗೆದರೆ ಕೆಳಗಿನ ಅಕ್ಷರ ಕಂಡುಬಿಡುತ್ತೆ. ಹೆಸರಿನ ಬದಲು ಒಂದು ನಂಬರ್ ಹಾಕಿ ಕಾರಣಗಳನ್ನು ಆನ್‌ಲೈನ್‌ಗೆ ಬಿಡುವುದು. ಹೆಸರು ಬೇಕಾದ ಮನೆಯವರು ಓದುವ ಕೋಣೆಗೇ ಬಂದು ನೋಡುವುದು. ಬಂದು, ಕೂತು, ಪುಟ ತಿರುಗಿಸಿ ಹುಡುಕುವವರಿಗೂ ರಾತ್ರಿ ಹೊತ್ತು ಯಾರದೋ ಹೆಸರು ಟೈಪ್ ಮಾಡಿ ನೋಡುವವರಿಗೂ ವ್ಯತ್ಯಾಸ ಇದೆ ಅಲ್ವಾ? ಹಾಗಿದ್ದರೂ ವಯಸ್ಸು, ಕಸುಬು, ಊರು ಮೂರೂ ಸೇರಿದರೆ ಸಣ್ಣ ಊರಿನಲ್ಲಿ ನಂಬರ್ ಯಾರದು ಅಂತ ಊಹಿಸುವುದು ಕಷ್ಟವಲ್ಲ. ಹಾಗಾಗಿ ಊರಿನ ಕಾಲಂ ಕೂಡ ಸದ್ಯ ಮುಚ್ಚಿದೆ. ಸಂಶೋಧಕಿಗೆ ಸಿಟ್ಟು ಬಂದಿದೆ.

ಯಜಮಾನರಿಗೆ ಫೋನ್ ಮಾಡಿ ಇದನ್ನೆಲ್ಲ ವಿವರಿಸಿದೆ. ಸಮಾಧಾನವಾಗಿ ಕೇಳಿಸಿಕೊಂಡರು. ಆಮೇಲೆ, "ಯಾವ ನಂಬರ್ ಯಾರದು ಅನ್ನೋ ಪಟ್ಟಿ ಯಾರ ಹತ್ರ ಇರುತ್ತೆ?" ಅಂದರು.

"ನನ್ನ ಹತ್ರ" ಅಂದೆ.

"ನೀವು ರಿಟೈರ್ ಆದ ಮೇಲೆ?"

ಮುಂದಿನ ಮೀಟಿಂಗ್‌ಗೆ ಈ ವಿಷಯ ಸೇರಿಸಿದ್ದೇನೆ. ಓದಿಕೊಂಡ ಸಹೋದ್ಯೋಗಿ ಹತ್ತು ನಿಮಿಷದಲ್ಲಿ ಮುಗಿಯುತ್ತೆ ಅಂದಿದ್ದಾರೆ.